ಡಗ್ಲಸ್ ಆರ್ಗೈಲ್ ರಾಬರ್ಟ್‌ಸನ್

ಡಗ್ಲಸ್ ಆರ್ಗೈಲ್ ರಾಬರ್ಟ್‌ಸನ್ (1837–1909) ಸ್ಕಾಟ್ಲೆಂಡಿನ ಪ್ರಸಿದ್ಧ ನೇತ್ರವೈದ್ಯರು. ಕಣ್ಣಿನ ಪಾಪೆಯನ್ನು ನೋಡಿ ನರಮಂಡಲದ ಕಾಯಿಲೆಯನ್ನು ಗುರುತಿಸಲು ನೆರವಾಗುವ ರೋಗಚಿಹ್ನೆಯೊಂದು ಇವರ ಹೆಸರಿನಿಂದ 'ಆರ್ಗೈಲ್ ರಾಬರ್ಟ್‌ಸನ್ ಪಾಪೆ' ಎಂದು ಕರೆಯಲ್ಪಡುತ್ತದೆ.

ಜನನ ಮತ್ತು ಶಿಕ್ಷಣ

ಇವರು ಎಡಿನ್‌ಬರೋದಲ್ಲಿ ಜನಿಸಿದರು. ಇವರ ತಂದೆ ಶಸ್ತ್ರವೈದ್ಯರಾಗಿದ್ದು, ನೇತ್ರಚಿಕಿತ್ಸೆಯಲ್ಲಿ ವಿಶೇಷ ಆಸಕ್ತಿ ಹೊಂದಿದ್ದರು. 1857ರಲ್ಲಿ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಿಂದ ಎಂ.ಡಿ. ಪದವಿ ಪಡೆದ ರಾಬರ್ಟ್‌ಸನ್, ಬರ್ಲಿನ್ನಿನಲ್ಲಿ ಆಲ್ಬ್ರೆಕ್ಟ್ ಫಾನ್ ಗ್ರೇಫ ಅವರ ಬಳಿ ನೇತ್ರಶಾಸ್ತ್ರವನ್ನು ಅಭ್ಯಸಿಸಿದರು. ಬಳಿಕ ಎಡಿನ್‌ಬರೋದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದರು.

ಕ್ಯಾಲಬಾರ್ ಬೀಜದ ಪ್ರಯೋಗ

ಈಗಿನ ನೈಜೀರಿಯಾದ ಕ್ಯಾಲಬಾರ್ ಪ್ರದೇಶದಲ್ಲಿ, ಅಪರಾಧದ ಶಂಕೆಗೆ ಒಳಗಾದವರಿಗೆ ವಿಷಬೀಜವೊಂದನ್ನು ತಿನ್ನಿಸಿ ಸತ್ಯಪರೀಕ್ಷೆ ನಡೆಸುವ ಪದ್ಧತಿ ಇತ್ತು. ಅದರ ಸಾರವು ಪಾಪೆಯನ್ನು ಕಿರಿದಾಗಿಸುತ್ತದೆ ಎಂಬುದನ್ನು ಮಿತ್ರರಾದ ಥಾಮಸ್ ಫ್ರೇಸರ್ ಅವರಿಂದ ತಿಳಿದ ರಾಬರ್ಟ್‌ಸನ್, ಅದನ್ನು ತಮ್ಮ ಕಣ್ಣಿನ ಮೇಲೆಯೇ ಪ್ರಯೋಗಿಸಿ 1863ರಲ್ಲಿ ಪ್ರಬಂಧ ಪ್ರಕಟಿಸಿದರು. ಈ ಬೀಜದ ಸತ್ವವಾದ ಫೈಸೊಸ್ಟಿಗ್ಮಿನ್ ಮುಂದೆ ಗ್ಲಾಕೋಮ ಚಿಕಿತ್ಸೆಯಲ್ಲಿ ಬಳಕೆಗೆ ಬಂದಿತು.

ಪಾಪೆಯ ಪರೀಕ್ಷೆ

ಆರೋಗ್ಯವಂತರ ಪಾಪೆಯು ಬೆಳಕು ಬಿದ್ದಾಗಲೂ ಹತ್ತಿರದ ವಸ್ತುವನ್ನು ನೋಡುವಾಗಲೂ ಕಿರಿದಾಗುತ್ತದೆ. ಬೆನ್ನುಹುರಿಯ ಕಾಯಿಲೆಯುಳ್ಳ ಕೆಲವು ರೋಗಿಗಳ ಪಾಪೆಗಳು ಮೊದಲೇ ಕಿರಿದಾಗಿದ್ದು, ಬೆಳಕಿಗೆ ಸ್ಪಂದಿಸದೆ, ಹತ್ತಿರದ ವಸ್ತುವನ್ನು ನೋಡುವಾಗ ಮಾತ್ರ ಮತ್ತಷ್ಟು ಕಿರಿದಾಗುವುದನ್ನು ರಾಬರ್ಟ್‌ಸನ್ 1869ರಲ್ಲಿ ವಿವರಿಸಿದರು. ಕಣ್ಣು ಬೆಳಕನ್ನು ಗ್ರಹಿಸುತ್ತಿದ್ದುದರಿಂದ ದೋಷವು ಕಣ್ಣಿನಲ್ಲಲ್ಲ, ನರಮಾರ್ಗದಲ್ಲಿದೆ ಎಂಬುದು ಸ್ಪಷ್ಟವಾಯಿತು. ಬೆಳಕಿನ ಪ್ರತಿಕ್ರಿಯೆಗೂ ಹತ್ತಿರದ ನೋಟದ ಪ್ರತಿಕ್ರಿಯೆಗೂ ಮಧ್ಯಮಿದುಳಿನಲ್ಲಿ ಬೇರೆ ಬೇರೆ ಮಾರ್ಗಗಳಿದ್ದು, ಮೊದಲನೆಯದು ಮಾತ್ರ ಹಾನಿಗೊಳ್ಳುತ್ತದೆ ಎಂಬುದು ಇದಕ್ಕೆ ನೀಡಲಾಗುವ ವಿವರಣೆ.

ನರಮಂಡಲಕ್ಕೆ ತಗುಲಿದ ಸಿಫಿಲಿಸ್ ಇದರ ಮುಖ್ಯ ಕಾರಣವೆಂದು ಮುಂದೆ ತಿಳಿದುಬಂದಿತು. 1906ರಲ್ಲಿ ವಾಸರ್‌ಮನ್ ರಕ್ತಪರೀಕ್ಷೆ ಬರುವ ಮುನ್ನ, ಒಂದು ದೀಪವಷ್ಟೇ ಬೇಕಾದ ಈ ಪರೀಕ್ಷೆಯು ವೈದ್ಯರಿಗೆ ದೊಡ್ಡ ಆಸರೆಯಾಗಿತ್ತು. ಆದರೆ ಇದನ್ನು ಹೋಲುವ, ಸಿಫಿಲಿಸ್‌ಗೆ ಸಂಬಂಧವಿಲ್ಲದ ಪಾಪೆಯ ದೋಷವೊಂದು ಇದೆ. ಅಂತಹ ದೋಷವಿದ್ದ ನಿರಪರಾಧಿಗಳೂ ಸಿಫಿಲಿಸ್ ರೋಗಿಗಳೆಂಬ ಕಳಂಕ ಹೊರಬೇಕಾಗುತ್ತಿತ್ತು. ವಿಲಿಯಂ ಏಡಿ 1930ರ ದಶಕದ ಆರಂಭದಲ್ಲಿ ಈ ಎರಡರ ವ್ಯತ್ಯಾಸವನ್ನು ಸ್ಪಷ್ಟಪಡಿಸಿದರು. ಇಂದು ಪೆನಿಸಿಲಿನ್ನಿನಿಂದ ಸಿಫಿಲಿಸ್ ಸೋಂಕನ್ನು ಗುಣಪಡಿಸಬಹುದಾದರೂ, ಪಾಪೆಯ ದೋಷ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ.

ಗೌರವಗಳು

ಇವರು 1886ರಲ್ಲಿ ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಅಧ್ಯಕ್ಷರಾದರು. ವಿಕ್ಟೋರಿಯಾ ರಾಣಿಗೆ ಸ್ಕಾಟ್ಲೆಂಡಿನಲ್ಲಿ ನೇತ್ರವೈದ್ಯರಾಗಿಯೂ ನೇಮಕಗೊಂಡಿದ್ದರು. ಗಾಲ್ಫ್ ಆಟದಲ್ಲಿಯೂ ನಿಪುಣರಾಗಿದ್ದರು.

ಭಾರತದ ನಂಟು ಮತ್ತು ನಿಧನ

ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದ್ದ ಗೊಂಡಲ್ ಸಂಸ್ಥಾನದ ಅರಸ ಭಗವತ್‌ಸಿಂಹಜಿ ಇವರ ಆತ್ಮೀಯರಾಗಿದ್ದರು. ನಿವೃತ್ತಿಯ ನಂತರ ಜರ್ಸಿ ದ್ವೀಪದಲ್ಲಿ ನೆಲೆಸಿದ್ದ ರಾಬರ್ಟ್‌ಸನ್, ಈಗ ಗುಜರಾತಿಗೆ ಸೇರಿರುವ ಗೊಂಡಲ್‌ಗೆ ಬಂದಿದ್ದಾಗ 1909ರ ಜನವರಿ 3ರಂದು ನಿಧನರಾದರು. ಇವರ ಅಂತ್ಯಸಂಸ್ಕಾರ ಗೊಂಡಲಿ ನದಿಯ ದಡದಲ್ಲಿ ನೆರವೇರಿತು.