ಇಪ್ಪತ್ತು ಸಾವಿರ ತಟ್ಟೆಗಳ ಮಹಾರಾಜ

ಬಸವಕಲ್ಯಾಣ: ಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡು 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಅರಸನಾದವನು ಏನೇನು ಅರಿತಿರಬೇಕೆಂದು ತಿಳಿಸುವ ಒಂದು ವಿಶ್ವಕೋಶವನ್ನೇ ಸಂಸ್ಕೃತದಲ್ಲಿ ಬರೆದ. ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥ ಚಿಂತಾಮಣಿ ಎಂದು ಹೆಸರಾದ ಆ ಗ್ರಂಥದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ರಾಜವಿನೋದಗಳ ಸಾಲಿನಲ್ಲಿ ಗೌರವದ ಸ್ಥಾನವಿದೆ. ಅವನ ಮಗ ಜಗದೇಕಮಲ್ಲನೂ ಸಂಗೀತ ಚೂಡಾಮಣಿ ಎಂಬ ಶಾಸ್ತ್ರಗ್ರಂಥದ ಕರ್ತೃ. ಎಂಟು ಶತಮಾನಗಳ ತರುವಾಯ, 1926ರಲ್ಲಿ, ಸೋಮೇಶ್ವರನ ಗ್ರಂಥದ ಮೊದಲ ಭಾಗವನ್ನು ಅಚ್ಚು ಹಾಕಿಸಿದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯ. ಆ ಹೊತ್ತಿಗೆ ಮೈಸೂರು ಅರಮನೆಯಲ್ಲಿ ಏಳು ವರ್ಷದ ಬಾಲಕನೊಬ್ಬ ಬೆಳೆಯುತ್ತಿದ್ದ. ಸಂಗೀತ ಕೇಳುವುದನ್ನು ಕಲ್ಯಾಣದ ಅರಸರಷ್ಟೇ ಗಂಭೀರವಾಗಿ ಪರಿಗಣಿಸಿದ ಆತನೇ ಜಯಚಾಮರಾಜ ಒಡೆಯರ್.

ಗ್ರಾಮಫೋನ್ ತಟ್ಟೆ ತಿರುಗಿಸುವ ಟರ್ನ್‌ಟೇಬಲ್‌ಗಳು ಈಗ ಮತ್ತೆ ಪ್ರತಿಷ್ಠೆಯ ವಸ್ತುಗಳಾಗಿವೆ. ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ ಸಿ.ಡಿ.ಗಳ ಸಂಖ್ಯೆಯನ್ನು ಮೀರಿತು. 1987ರ ನಂತರ ಹೀಗಾದದ್ದು ಅದೇ ಮೊದಲು. ಒಂದು ಕಾಲಕ್ಕೆ ಕೆಲವು ನೂರು ಡಾಲರ್‌ಗಳಿಗೆ ಸಿಗುತ್ತಿದ್ದ, 2010ರಲ್ಲಿ ತಯಾರಿಕೆ ನಿಂತಿದ್ದ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಯಂತ್ರ 2016ರಲ್ಲಿ ಹೊಸ ರೂಪದಲ್ಲಿ ಮರಳಿದಾಗ ಅದರ ಮೇಲ್ಮಟ್ಟದ ಮಾದರಿಗೆ 4,000 ಡಾಲರ್ ಬೆಲೆ ಕಟ್ಟಲಾಯಿತು. ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ 1950ರ ದಶಕದಲ್ಲಿ ತಯಾರಾದ ಗ್ಯಾರಾರ್ಡ್ 301 ಯಂತ್ರಗಳನ್ನು ಹುಡುಕಿ, ದುರಸ್ತಿ ಮಾಡಿ, ಹಲವು ಪಟ್ಟು ಬೆಲೆಗೆ ಮಾರುವ ಕುಶಲಕರ್ಮಿಗಳೇ ಇದ್ದಾರೆ. ಮೋಟಾರಿನ ಗುಡುಗು ಮುಳ್ಳಿಗೆ ತಾಗಬಾರದು, ತಟ್ಟೆಯ ವೇಗ ಕೂದಲೆಳೆಯಷ್ಟೂ ಏರಿಳಿಯಬಾರದು, ಮುಳ್ಳು ಹಿಡಿದ ತೋಳು ಹಗುರವಾಗಿಯೂ ಸ್ಥಿರವಾಗಿಯೂ ಇರಬೇಕು. ಇಷ್ಟಕ್ಕಾಗಿಯೇ ಲಕ್ಷಗಟ್ಟಲೆ ರೂಪಾಯಿ ವ್ಯಯಿಸುವವರಿದ್ದಾರೆ. ಆದರೆ ಅಷ್ಟು ದುಬಾರಿ ಯಂತ್ರದ ಮೇಲೆ ಯಾವ ತಟ್ಟೆಯನ್ನು ಇಡುವುದು? ಈ ಪ್ರಶ್ನೆಯನ್ನು ತನ್ನ ಬೊಕ್ಕಸದಿಂದಲೇ ಉತ್ತರಿಸಲು ಹೊರಟ ಕೇಳುಗ ಕನ್ನಡ ನಾಡಿನಲ್ಲಿದ್ದರು.

ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ಹಲವು ವಾದ್ಯಗಳನ್ನು ನುಡಿಸಬಲ್ಲ ದೊಡ್ಡಪ್ಪನ ಆಸ್ಥಾನದಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಅದನ್ನು ತಿದ್ದಲು ಆಟೊ ಶ್ಮಿಟ್ ಎಂಬ ಜರ್ಮನ್ ನಿರ್ದೇಶಕರಿದ್ದರು. ಈ ವಾತಾವರಣದಲ್ಲಿ ಬಾಲಕನ ಬೆರಳು ಮೊದಲು ಒಲಿದದ್ದು ವೀಣೆಗಲ್ಲ, ಪಿಯಾನೊಗೆ. 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ, 1939ರಲ್ಲಿ ಯೂರೋಪ್ ಪ್ರವಾಸ. ಪಿಯಾನೊ ವಾದಕನಾಗಿ ವೇದಿಕೆ ಏರುವ ಕನಸು ಅವರಿಗಿತ್ತು. ಅದಕ್ಕೆ ಅಡ್ಡಿಯಾದದ್ದು 1940. ಆ ವರ್ಷದ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು, ಆಗಸ್ಟ್‌ನಲ್ಲಿ ದೊಡ್ಡಪ್ಪ. ಸೆಪ್ಟೆಂಬರ್ 8ರಂದು 21 ವರ್ಷದ ಯುವಕ ಸಿಂಹಾಸನ ಏರಬೇಕಾಯಿತು.

ವೇದಿಕೆ ತಪ್ಪಿದ ಮೇಲೆ ಉಳಿದದ್ದು ಕೇಳ್ಮೆ. ಇಂಗ್ಲೆಂಡಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಅರಮನೆಯಲ್ಲಿ ಕಂಡ ತಟ್ಟೆಗಳ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು ಮತ್ತು ಹಲವು ಗ್ರ್ಯಾಂಡ್ ಪಿಯಾನೊಗಳು ಅವರ ನೆನಪಿನ ಬರಹಗಳಲ್ಲಿ ದಾಖಲಾಗಿವೆ. 1950ರ ಹೊತ್ತಿಗೆ ಆ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದವೆಂಬ ಅಂದಾಜಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳ ಕಾಲವದು. ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷ ಸಂಗೀತ ಹಿಡಿದರೆ ಹೆಚ್ಚು. ನಲವತ್ತು ನಿಮಿಷದ ಸಿಂಫೊನಿಯೊಂದನ್ನು ಪೂರ್ತಿ ಕೇಳಬೇಕಾದರೆ ಐದಾರು ತಟ್ಟೆಗಳನ್ನು ಮಗುಚುತ್ತ ಕೂರಬೇಕು. ಸಾಮಾನ್ಯ ಯಂತ್ರಗಳಲ್ಲಿ ಮುಳ್ಳನ್ನೂ ಪದೇ ಪದೇ ಬದಲಿಸಬೇಕು. ಇಂಥ ಅಡಚಣೆಯ ನಡುವೆ ಇಪ್ಪತ್ತು ಸಾವಿರ ತಟ್ಟೆಗಳನ್ನು ಕೂಡಿಟ್ಟ ವ್ಯಕ್ತಿಗೆ ಶೋಕಿಗಿಂತ ಹೆಚ್ಚಿನದೇನೋ ಇದ್ದಿರಲೇಬೇಕು.

ಇಷ್ಟಾದರೂ ಅವರಿಗೆ ಬೇಕಾದ ಸಂಗೀತವೆಲ್ಲ ಅಂಗಡಿಯಲ್ಲಿ ದೊರೆಯುತ್ತಿರಲಿಲ್ಲ. ರಷ್ಯದ ನಿಕೊಲಾಯ್ ಮೆಟ್ನರ್ ಅಂಥ ಒಬ್ಬ ಸಂಗೀತಕಾರ. 1880ರಲ್ಲಿ ಮಾಸ್ಕೊದಲ್ಲಿ ಹುಟ್ಟಿ, ಕ್ರಾಂತಿಯ ನಂತರ 1921ರಲ್ಲಿ ದೇಶ ತೊರೆದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದ ಪಿಯಾನೊ ವಾದಕ. ಎರಡನೆಯ ಮಹಾಯುದ್ಧ ಅವರ ಜರ್ಮನಿಯ ಆದಾಯಕ್ಕೆ ಕಲ್ಲು ಹಾಕಿತ್ತು. 1942ರಲ್ಲಿ ಹೃದಯಾಘಾತವೂ ಆಗಿತ್ತು. ಹಳೆಯ ಶೈಲಿಯವರೆಂದು ಲಂಡನ್ ಬಹುಮಟ್ಟಿಗೆ ಮರೆತಿದ್ದ ಈ ವೃದ್ಧನ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸಿಕೊಳ್ಳಲು ಮೈಸೂರಿನ ಮಹಾರಾಜರು ಹಣ ಒದಗಿಸಿದರು. ಮೆಟ್ನರ್ ಸೊಸೈಟಿ ಹೆಸರಿನಲ್ಲಿ ಎಚ್‌ಎಂವಿ ಸಂಸ್ಥೆ ಹೊರತಂದ ತಟ್ಟೆಗಳಲ್ಲಿ ಮೂರೂ ಪಿಯಾನೊ ಕಾನ್ಸರ್ಟೊಗಳು, ಹಾಡುಗಳು, ಬಿಡಿ ರಚನೆಗಳು ಸೇರಿದವು. ಮೂರನೆಯ ಕಾನ್ಸರ್ಟೊವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದರು. 1951ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಮೈಸೂರಿನ ಹಣ ನಾಲ್ಕು ವರ್ಷ ತಡವಾಗಿ ತಲುಪಿದ್ದರೆ ಆ ಕಾನ್ಸರ್ಟೊಗಳು ಅವರ ಕೈಯಲ್ಲಿ ಹೇಗೆ ನುಡಿಯುತ್ತಿದ್ದವೆಂದು ಇಂದು ಯಾರೂ ತಿಳಿಯುವಂತಿರಲಿಲ್ಲ.

ಇಲ್ಲೊಂದು ಮುಜುಗರದ ಸಂಗತಿಯನ್ನು ಬದಿಗಿಡುವಂತಿಲ್ಲ. ಮೆಟ್ನರ್ ಅವರ ಕಾನ್ಸರ್ಟೊಗಳು ಲಂಡನ್ನಿನಲ್ಲಿ ಮುದ್ರಣವಾಗುತ್ತಿದ್ದ 1947ರಲ್ಲೇ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಜನ ಬೀದಿಗಿಳಿದಿದ್ದರು. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಆರಂಭವಾಯಿತು. ಸೆರೆಮನೆಗಳು ಸತ್ಯಾಗ್ರಹಿಗಳಿಂದ ತುಂಬಿದವು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡ ಬಳಿಕವೇ ಬಿಸಿ ತಣಿಯಿತು. ಅರಮನೆಯ ಹಣ ಕಡಲಾಚೆಯ ಪಿಯಾನೊ ತಟ್ಟೆಗಳಿಗೆ ಹರಿಯಬೇಕಿತ್ತೇ ಎಂಬ ಪ್ರಶ್ನೆ ಅಂದು ಕೇಳತಕ್ಕದ್ದೇ ಆಗಿತ್ತು, ಇಂದೂ ಅದರ ಮೊನೆ ಮೊಂಡಾಗಿಲ್ಲ. ಒಡೆಯರ್ ಪರವಾಗಿ ಹೇಳಬಹುದಾದದ್ದು ಇಷ್ಟು: ಆ ಹಣ ಒಬ್ಬರ ಕೋಣೆಯಲ್ಲಿ ಮುಚ್ಚಿಟ್ಟ ಒಡವೆಯಾಗಲಿಲ್ಲ, ಯಾರು ಬೇಕಾದರೂ ಕೊಂಡು ಕೇಳಬಹುದಾದ ಮುದ್ರಿಕೆಯಾಯಿತು.

ಲೆಗ್ 1945ರಲ್ಲಿ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಕೈಹಿಡಿದವರೂ ಇದೇ ಮಹಾರಾಜರು. ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡ್ ನೀಡುವ ಒಪ್ಪಂದವಾಯಿತು. ಅಂದಿನ ವಿನಿಮಯ ದರದಲ್ಲಿ ಅದು ವರ್ಷಕ್ಕೆ 1.33 ಲಕ್ಷ ರೂಪಾಯಿ. ಬದಲಿಗೆ ಮಹಾರಾಜರು ಬಯಸಿದ್ದು ತಾವು ಕೇಳಲು ಹಂಬಲಿಸುತ್ತಿದ್ದ, ತಟ್ಟೆಗಳಲ್ಲಿ ವಿರಳವಾದ ಕೃತಿಗಳ ಮುದ್ರಣ. ರಷ್ಯದ ಬಾಲಕಿರೆವ್ ಅವರ ಸಿಂಫೊನಿ, ಫ್ರಾನ್ಸಿನ ರೂಸೆಲ್ ಅವರ ನಾಲ್ಕನೆಯ ಸಿಂಫೊನಿ ಹೀಗೆ 1949ರಲ್ಲಿ ತಟ್ಟೆಗೆ ಬಂದವು. ಎರಡನ್ನೂ ನಿರ್ದೇಶಿಸಿದವರು ಹರ್ಬರ್ಟ್ ಫಾನ್ ಕಾರಾಯಾನ್. ಮುಂದೆ ಜಗತ್ತಿನ ಅತಿ ಹೆಸರುವಾಸಿ ನಿರ್ದೇಶಕರಲ್ಲೊಬ್ಬರಾದ ಕಾರಾಯಾನ್ ಅವರ ಯುದ್ಧೋತ್ತರ ಏಳಿಗೆಯಲ್ಲಿ ಮೈಸೂರಿನ ಪಾಲೂ ಇದೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ ನಡೆಯಿತು. ಸ್ಟ್ರಾಸ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶನ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಅವರದು, ವಾದ್ಯವೃಂದ ಫಿಲ್‌ಹಾರ್ಮೋನಿಯಾ. ಈ ಸಂಜೆಗಾಗಿ 4,800 ಡಾಲರ್, ಅಂದರೆ ಅಂದಿನ ಸುಮಾರು 23,000 ರೂಪಾಯಿಗಳ ಖಾತರಿ ನೀಡಿದವರು ಜಯಚಾಮರಾಜ ಒಡೆಯರ್. ಕಾರ್ಯಕ್ರಮಕ್ಕೆ ಹೋಗಲು ಅವರಿಂದಾಗಲಿಲ್ಲ. ತಮ್ಮ ಸಂಗ್ರಹಕ್ಕಾಗಿ ಅದನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದಷ್ಟೇ ಅವರ ಅಪೇಕ್ಷೆ.

ಅಷ್ಟರಲ್ಲಿ ಕಾಲ ಎರಡು ಕಡೆಯಿಂದ ಬದಲಾಯಿತು. 1950ರ ಜನವರಿಯಲ್ಲಿ ಸಂಸ್ಥಾನವು ಗಣರಾಜ್ಯದ ರಾಜ್ಯವಾಯಿತು. ಅರಮನೆಯ ಪಾಲಿಗೆ ಉಳಿದದ್ದು ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ. ಲಂಡನ್ನಿನ ನೆರವು ನಿಂತಿತು. ಅತ್ತ ತಟ್ಟೆಯ ಸ್ವರೂಪವೂ ಬದಲಾಗಿತ್ತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಂಗೀತ ಹಿಡಿಯುವ ಎಲ್‌ಪಿ ತಟ್ಟೆ 1948ರಲ್ಲಿ ಅಮೆರಿಕದಲ್ಲಿ ಬಂದಿತು. 1952ರಲ್ಲಿ ಎಚ್‌ಎಂವಿಯ ಒಡೆತನದ ಇಎಂಐ ಕೂಡ ಅದಕ್ಕೆ ಶರಣಾಯಿತು. ಮೆಟ್ನರ್ ಸೊಸೈಟಿಯ ಭಾರವಾದ ಅರಗಿನ ತಟ್ಟೆಗಳು ಬಂದು ಮೂರ್ನಾಲ್ಕು ವರ್ಷಗಳಲ್ಲಿಯೇ ಹಳೆಯ ಸರಕಾದವು. ಅವು ಸಿ.ಡಿ. ರೂಪದಲ್ಲಿ ಮರಳಲು 1990ರ ದಶಕವೇ ಬರಬೇಕಾಯಿತು.

ಇಷ್ಟೆಲ್ಲ ಪಾಶ್ಚಾತ್ಯ ಸಂಗೀತದ ಕಥೆಯಾದರೂ ಒಡೆಯರ್ ಬಾಳಿನ ಇನ್ನೊಂದು ಶ್ರುತಿ ಅದೇ ವರ್ಷಗಳಲ್ಲಿ ಏರುತ್ತಿತ್ತು. ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತು, ಶ್ರೀವಿದ್ಯಾ ಉಪಾಸನೆ ಕೈಗೊಂಡು, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಗಂಭೀರನಾಟ ರಾಗದ ಶ್ರೀ ಜಾಲಂಧರ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತದೆ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೊಷಿಪ್ ಅವರಿಗೆ ಸಂದಿತು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಬಸವಕಲ್ಯಾಣವೂ ಹುಮನಾಬಾದೂ ವಿಶಾಲ ಮೈಸೂರಿಗೆ ಸೇರಿದಾಗ ಆ ರಾಜ್ಯದ ಮೊದಲ ರಾಜ್ಯಪಾಲರು ಇದೇ ಜಯಚಾಮರಾಜ ಒಡೆಯರ್. ಸೋಮೇಶ್ವರನ ಕಲ್ಯಾಣ ಹೀಗೆ ಮೈಸೂರಿನ ಸಂಗೀತಪ್ರಿಯ ಅರಸರ ವ್ಯಾಪ್ತಿಗೆ ಬಂತು. ಆದರೆ ಆಳುವ ದೊರೆಯಾಗಿ ಅಲ್ಲ, ಸಂವಿಧಾನದ ಅಧಿಕಾರಿಯಾಗಿ. 1964ರವರೆಗೆ ಇಲ್ಲಿ, ಬಳಿಕ 1966ರವರೆಗೆ ಮದ್ರಾಸಿನಲ್ಲಿ ಅವರು ಆ ಹುದ್ದೆಯಲ್ಲಿದ್ದರು. 1971ರ ಡಿಸೆಂಬರ್‌ನಲ್ಲಿ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಸ್ಟ್ರಾಸ್ ಹಾಡುಗಳ ಆ ಮೊದಲ ಪ್ರಯೋಗದ ಮುದ್ರಿಕೆ ಈಗಲೂ ಸಿಗುತ್ತದೆ. ತಾತ್ಕಾಲಿಕ ಬಳಕೆಯ ಮೆದು ತಟ್ಟೆಗಳಿಂದ ಉಳಿದುಬಂದ ಅದರಲ್ಲಿ ಕರಕರ ಸದ್ದೇ ಹೆಚ್ಚು. ಫ್ಲಾಗ್‌ಸ್ಟಾಡ್ ಅವರ ಕಂಠ ಅದರ ಹಿಂದಿನಿಂದ, ದೂರದಿಂದ ಬಂದಂತೆ ಕೇಳಿಸುತ್ತದೆ. ಗ್ಯಾರಾರ್ಡ್ ಇರಲಿ, ಟೆಕ್ನಿಕ್ಸ್ ಇರಲಿ, ಯಾವ ಯಂತ್ರವೂ ಆ ಸದ್ದನ್ನು ಅಳಿಸಲಾರದು. ಆ ಹಾಡುಗಳನ್ನು ಬಲ್ಲವರು ಮಾತ್ರ ಆ ಮುದ್ರಿಕೆಯನ್ನು ಹುಡುಕಿಕೊಂಡು ಹೋಗಿ ಕೇಳುತ್ತಾರೆ.