ತಲೆಯೊಳಗೆ ಸಲಾಕೆ ಹಾದುಹೋದ ಫಿನಿಯಾಸ್ ಗೇಜ್ ನಿಜಕ್ಕೂ ಮೃಗವಾದನೇ?

ಮೆದುಳಿನ ಬಣ್ಣಬಣ್ಣದ ಚಿತ್ರವೊಂದು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಮುಂಭಾಗ ಯೋಚನೆಗೆ, ಹಿಂಭಾಗ ನೋಟಕ್ಕೆ, ಪಕ್ಕದ್ದು ಕೇಳಿಸಿಕೊಳ್ಳಲು, ಕೆಳಗಿನದು ಸಮತೋಲನಕ್ಕೆ ಎಂದು ಬಾಣ ಹಾಕಿ ತೋರಿಸಿರುತ್ತಾರೆ. ಅದರ ಜೊತೆಗೆ ಆಗಾಗ ಒಂದು ಕಥೆಯೂ ಬರುತ್ತದೆ. ಅಮೆರಿಕದಲ್ಲಿ ಫಿನಿಯಾಸ್ ಗೇಜ್ ಎಂಬ ಕಾರ್ಮಿಕನ ತಲೆಗೆ ಕಬ್ಬಿಣದ ಸಲಾಕೆ ಹೊಕ್ಕು ಹೊರಬಂತು, ಜೀವ ಉಳಿಯಿತು, ಆದರೆ ಒಳ್ಳೆಯ ಮನುಷ್ಯ ಮೃಗವಾಗಿ, ಕುಡುಕನಾಗಿ, ಬೀದಿಪಾಲಾಗಿ ಸತ್ತ ಎಂದು. ಕಥೆಯ ಮೊದಲರ್ಧ ನಿಜ. ಉಳಿದರ್ಧವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಗೇಜ್ ಹುಟ್ಟಿದ್ದು 1823ರಲ್ಲಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ. 25ನೇ ವಯಸ್ಸಿಗೆ ರೈಲು ಮಾರ್ಗಕ್ಕಾಗಿ ಬಂಡೆ ಸಿಡಿಸುವ ತಂಡದ ಮೇಸ್ತ್ರಿಯಾಗಿದ್ದ. ಬಂಡೆಯಲ್ಲಿ ಕುಳಿ ಕೊರೆದು, ಸಿಡಿಮದ್ದು ತುಂಬಿ, ಮೇಲೆ ಮರಳು ಹಾಕಿ ಸಲಾಕೆಯಿಂದ ಗಿಡಿಯುವುದು ಆ ಕೆಲಸದ ಕ್ರಮ. ಇದಕ್ಕಾಗಿ ಆತ ಕಮ್ಮಾರನಿಂದ ತನ್ನದೇ ಸಲಾಕೆ ಮಾಡಿಸಿಕೊಂಡಿದ್ದ. ಸುಮಾರು 110 ಸೆಂ.ಮೀ. ಉದ್ದ, 3 ಸೆಂ.ಮೀ. ದಪ್ಪ, 6 ಕೆ.ಜಿ. ತೂಕ, ಒಂದು ತುದಿ ಚೂಪು.

1848ರ ಸೆಪ್ಟೆಂಬರ್ 13ರ ಸಂಜೆ, ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಊರಿನ ಹತ್ತಿರ, ಆತ ಹಿಂದಿದ್ದ ಕೆಲಸಗಾರರ ಕಡೆ ಒಮ್ಮೆ ತಿರುಗಿ ನೋಡಿದ. ಮರಳು ಹಾಕುವ ಮೊದಲೇ ಸಲಾಕೆ ಬಂಡೆಗೆ ತಾಗಿ ಕಿಡಿ ಹಾರಿತು ಎಂಬುದು ವೈದ್ಯರ ವಿವರಣೆ. ಮದ್ದು ಸಿಡಿಯಿತು. ಸಲಾಕೆ ಎಡಕೆನ್ನೆಯಿಂದ ಒಳಹೊಕ್ಕು, ಎಡಗಣ್ಣಿನ ಹಿಂದಿನಿಂದ ಸಾಗಿ, ನೆತ್ತಿಯನ್ನು ಒಡೆದುಕೊಂಡು ಹೊರಬಂದು, ಸುಮಾರು 25 ಮೀಟರ್ ದೂರದಲ್ಲಿ ಬಿತ್ತು.

ಕೆಲವೇ ನಿಮಿಷಗಳಲ್ಲಿ ಗೇಜ್ ಮಾತನಾಡಿದ. ಎತ್ತಿನ ಗಾಡಿಯಲ್ಲಿ ನೆಟ್ಟಗೆ ಕುಳಿತು ತಾನು ಉಳಿದುಕೊಂಡಿದ್ದ ವಸತಿಗೃಹಕ್ಕೆ ಬಂದ. ಮುಕ್ಕಾಲು ಮೈಲಿ ದೂರ. ಅಲ್ಲಿ ಹೆಚ್ಚಿನ ಆಸರೆಯಿಲ್ಲದೆ ಇಳಿದ.

ಪವಾಡವೇ? ಸಲಾಕೆ ಯಾವುದನ್ನೆಲ್ಲ ತಪ್ಪಿಸಿಕೊಂಡು ಹೋಯಿತು ಎಂಬುದರಲ್ಲಿ ಉತ್ತರ ಇದೆ. ಉಸಿರಾಟ, ಹೃದಯ ಬಡಿತವನ್ನು ನೋಡಿಕೊಳ್ಳುವುದು ಮೆದುಳಿನ ಬುಡದಲ್ಲಿ, ಬೆನ್ನುಹುರಿಗೆ ಸೇರುವಲ್ಲಿ ಇರುವ ಮೆದುಳು ಕಾಂಡ. ನಡೆಯುವಾಗ ತೂಕ ತಪ್ಪದಂತೆ ಕಾಯುವ ಕಿರಿಮೆದುಳು ಇರುವುದು ತಲೆಯ ಹಿಂದೆ, ಕೆಳಗೆ. ಕೈಕಾಲು ಆಡಿಸುವ ಆದೇಶ ಹೊರಡುವ ಪಟ್ಟಿ ಮುಂಭಾಗದ ಹಿಂದಿನ ಅಂಚಿನಲ್ಲಿದೆ. ಸಲಾಕೆಯ ದಾರಿ ಇವೆಲ್ಲಕ್ಕೂ ಮುಂದೆ ಇತ್ತು. ಎಡಗಣ್ಣಿನ ದೃಷ್ಟಿ ಹೋಯಿತು, ನಿಜ. ಆದರೆ ಅದು ಕಣ್ಣಿನ ಹಿಂದೆಯೇ ಆದ ಪೆಟ್ಟಿನಿಂದ. ಕಂಡದ್ದನ್ನು ಅರ್ಥಮಾಡಿಕೊಳ್ಳುವ ಭಾಗ ತಲೆಯ ಹಿಂಬದಿಯಲ್ಲಿ ಸುರಕ್ಷಿತವಾಗಿತ್ತು. ಹಾಗಾಗಿಯೇ ಬಲಗಣ್ಣಿನಿಂದ ಎಲ್ಲವನ್ನೂ ನೋಡಬಲ್ಲವನಾಗಿದ್ದ.

ಮಾತಿನ ವಿಷಯ ಇನ್ನೂ ಕುತೂಹಲಕರ. ಮಾತನ್ನು ಹೊರಡಿಸಲು ಬೇಕಾದ ಭಾಗ ಹೆಚ್ಚಿನವರಲ್ಲಿ ಎಡ ಮುಂಭಾಗದಲ್ಲೇ ಇದೆ. ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಅದನ್ನು ಗುರುತಿಸಿದ್ದು 1861ರಲ್ಲಿ, ಅಂದರೆ ಈ ಅಪಘಾತವಾಗಿ 13 ವರ್ಷಗಳ ಮೇಲೆ. ಆ ಭಾಗ ಮುಂಭಾಗದ ಪಕ್ಕಕ್ಕೆ, ಕೆಳಗಿದೆ. ಸಲಾಕೆ ಸ್ವಲ್ಪ ಒಳಗಿನಿಂದ ಹಾದಿದ್ದರಿಂದ ಗೇಜ್‌ನ ಮಾತು ಉಳಿಯಿತು.

ಮುಂದಿನ ವಾರಗಳು ಸುಲಭವಾಗಿರಲಿಲ್ಲ. ಗಾಯ ಕೀವಾಯಿತು, ಆತ ಅರೆಪ್ರಜ್ಞೆಗೆ ಜಾರಿದ. ಜಾನ್ ಹಾರ್ಲೋ ಎಂಬ ಹಳ್ಳಿಯ ಯುವ ವೈದ್ಯರು ಕೀವು ತೆಗೆದು ಆರೈಕೆ ಮಾಡಿದರು. ಆಂಟಿಬಯಾಟಿಕ್ ಇಲ್ಲದ ಕಾಲವದು. ನವೆಂಬರ್ ಕೊನೆಯಲ್ಲಿ ಗೇಜ್ ಅಪ್ಪ ಅಮ್ಮನ ಮನೆಗೆ ಮರಳಿದ.

ಬದಲಾವಣೆ ಆಗಿದ್ದು ಸುಳ್ಳಲ್ಲ. ಮೊದಲು ಲೆಕ್ಕಾಚಾರದ, ಚುರುಕಿನ ಮೇಸ್ತ್ರಿಯಾಗಿದ್ದವನು ಈಗ ಚಂಚಲನಾಗಿದ್ದ, ಹಟಮಾರಿಯಾಗಿದ್ದ, ಬಾಯಿಗೆ ಬಂದಂತೆ ಬೈಯುತ್ತಿದ್ದ, ಹಾಕಿದ ಯೋಜನೆಯನ್ನು ಅರ್ಧಕ್ಕೇ ಬಿಡುತ್ತಿದ್ದ ಎಂದು ಹಾರ್ಲೋ ಬರೆದರು. ಗೆಳೆಯರಿಗೆ ಆತ ಬೇರೆಯೇ ಮನುಷ್ಯನಂತೆ ಕಂಡ. ಮೇಸ್ತ್ರಿ ಕೆಲಸ ಮತ್ತೆ ಸಿಗಲಿಲ್ಲ. ಮುಂದಾಲೋಚನೆ, ಸಂಯಮ, ಸಂದರ್ಭಕ್ಕೆ ತಕ್ಕ ನಡತೆ, ಇವುಗಳಲ್ಲಿ ಮೆದುಳಿನ ಮುಂಭಾಗಕ್ಕೆ ದೊಡ್ಡ ಪಾಲಿದೆ ಎಂದು ಇವತ್ತು ನಮಗೆ ಗೊತ್ತು.

ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ. ಗೇಜ್‌ನ ಬದುಕು ನಿಲ್ಲಲಿಲ್ಲ.

ಕೆಲ ಕಾಲ ನ್ಯೂಯಾರ್ಕ್‌ನ ಬಾರ್ನಮ್ ಮ್ಯೂಸಿಯಂನಲ್ಲಿ ಸಲಾಕೆ ಹಿಡಿದು ಜನರೆದುರು ನಿಂತ. ಆಮೇಲೆ ಕುದುರೆ ಲಾಯದಲ್ಲಿ ದುಡಿದ. 1852ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ, ವಾಲ್ಪರೈಸೋ ಮತ್ತು ಸ್ಯಾಂಟಿಯಾಗೊ ನಡುವೆ ಪ್ರಯಾಣಿಕರ ಕುದುರೆ ಗಾಡಿ ಓಡಿಸಿದ. ಅಲ್ಲಿದ್ದದ್ದು ಹೆಚ್ಚುಕಮ್ಮಿ ಏಳು ವರ್ಷ. ಒಮ್ಮೊಮ್ಮೆ ಆರು ಕುದುರೆಗಳ ಗಾಡಿ. ಅಷ್ಟೂ ಲಗಾಮನ್ನು ಬೆರಳುಗಳ ನಡುವೆ ಹಿಡಿದು, ದಾರಿಯ ತಿರುವು ನೋಡುತ್ತಾ, ಹೊತ್ತಿಗೆ ಸರಿಯಾಗಿ ಜನರನ್ನು ಮುಟ್ಟಿಸಬೇಕು. ಅದೂ ಜನ ಸ್ಪ್ಯಾನಿಷ್ ಮಾತನಾಡುವ ನಾಡಿನಲ್ಲಿ. ಮುಂದಾಲೋಚನೆಯೇ ಸತ್ತುಹೋದವನಿಗೆ ಇದು ಸಾಧ್ಯವೇ? ಚಿಲಿಯಲ್ಲಿ ಆತನನ್ನು ಬಲ್ಲ ಒಬ್ಬ ವೈದ್ಯರು, ಬುದ್ಧಿಯಲ್ಲಿ ಯಾವ ಕುಂದೂ ಕಾಣಲಿಲ್ಲ ಎಂದು ತಿಳಿಸಿದ ದಾಖಲೆಯೂ ಸಿಕ್ಕಿದೆ.

ಗೇಜ್ ಕುರಿತ ದಾಖಲೆಗಳನ್ನೆಲ್ಲ ಜಾಲಾಡಿದವರು ಮನಶ್ಶಾಸ್ತ್ರಜ್ಞ ಮ್ಯಾಲ್ಕಮ್ ಮ್ಯಾಕ್‌ಮಿಲನ್. ಕುಡುಕ, ಜೂಜುಕೋರ, ಹೆಂಡತಿಗೆ ಹೊಡೆಯುತ್ತಿದ್ದ ಎಂಬ ಮಾತುಗಳಿಗೆ ಅವರಿಗೆ ಆಧಾರ ಸಿಗಲಿಲ್ಲ. ಗೇಜ್ ಮದುವೆಯಾಗಿದ್ದ ಎನ್ನುವುದಕ್ಕೇ ಆಧಾರವಿಲ್ಲ! ಹಾರ್ಲೋ ಬರೆದದ್ದು ಅಪಘಾತದ ನಂತರದ ಮೊದಲ ದಿನಗಳ ಚಿತ್ರ, ಕ್ರಮಬದ್ಧವಾದ ದಿನಚರಿಯ ಕೆಲಸ ಆತನನ್ನು ಮತ್ತೆ ತಿದ್ದಿರಬೇಕು ಎಂಬುದು ಮ್ಯಾಕ್‌ಮಿಲನ್ ವಾದ. ನನಗೆ ಇದು ಒಪ್ಪುವಂತೆಯೇ ಕಾಣುತ್ತದೆ. ಪಾರ್ಶ್ವವಾಯು ಅಥವಾ ಅಪಘಾತದಿಂದ ಮೆದುಳಿಗೆ ಪೆಟ್ಟು ಬಿದ್ದವರು ಮನೆಯಲ್ಲಿದ್ದರೆ, ಇನ್ನು ಇವರು ಇಷ್ಟೇ ಎಂದು ಮೊದಲ ತಿಂಗಳಲ್ಲೇ ತೀರ್ಪು ಕೊಡುವ ನೆಂಟರು ನಮ್ಮಲ್ಲೂ ಕಡಿಮೆಯಿಲ್ಲ.

1859ರಲ್ಲಿ ಆರೋಗ್ಯ ಕೆಟ್ಟು ಗೇಜ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ತಾಯಿಯ ಬಳಿ ಬಂದ. ಚೇತರಿಸಿಕೊಂಡು ಹೊಲದ ಕೆಲಸಕ್ಕೂ ಹೋದ. ಆಮೇಲೆ ಫಿಟ್ಸ್ ಶುರುವಾಯಿತು. 1860ರ ಮೇ 21ರಂದು ತೀರಿಕೊಂಡಾಗ ವಯಸ್ಸು 36. ಮೆದುಳನ್ನು ಯಾರೂ ಪರೀಕ್ಷಿಸಲಿಲ್ಲ. ಹಾರ್ಲೋಗೆ ಸುದ್ದಿ ತಲುಪಿದ್ದೇ ವರ್ಷಗಳ ನಂತರ. ಅವರ ಕೋರಿಕೆಗೆ ಒಪ್ಪಿ ಕುಟುಂಬದವರು ಸಮಾಧಿಯಿಂದ ತಲೆಬುರುಡೆ ತೆಗೆಸಿ, ಸಲಾಕೆಯ ಜೊತೆ ಕಳಿಸಿಕೊಟ್ಟರು. ಎರಡೂ ಈಗ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂಗ್ರಹದಲ್ಲಿವೆ.

ಹಾಗಾಗಿ ಮೆದುಳಿನ ಯಾವ ಭಾಗ ಹಾಳಾಗಿತ್ತು ಎಂಬುದೆಲ್ಲ ಬುರುಡೆಯ ತೂತು ನೋಡಿ ಮಾಡಿದ ಲೆಕ್ಕ. 1994ರ ಅಧ್ಯಯನ ಎಡ, ಬಲ ಎರಡೂ ಮುಂಭಾಗಕ್ಕೆ ಪೆಟ್ಟಾಗಿದೆ ಎಂದಿತು. 2004ರಲ್ಲಿ ಸಿ.ಟಿ. ಸ್ಕ್ಯಾನ್ ಆಧರಿಸಿದ ಅಧ್ಯಯನ ಎಡಭಾಗ ಮಾತ್ರ ಎಂದಿತು. 2012ರಲ್ಲಿ ಇನ್ನೊಂದು ತಂಡ, ಮೇಲ್ಪದರಕ್ಕಿಂತ ಒಳಗಿನ ತಂತುಗಳಿಗೇ, ಅಂದರೆ ದೂರದ ಭಾಗಗಳನ್ನು ಬೆಸೆಯುವ ವೈರಿಂಗ್‌ಗೇ ಹೆಚ್ಚು ಹಾನಿಯಾಗಿತ್ತು ಎಂದು ಅಂದಾಜಿಸಿತು. ಬಾಣದ ಗುರುತಿನ ಚಿತ್ರದಲ್ಲಿ ಈ ವೈರಿಂಗ್ ಕಾಣುವುದಿಲ್ಲ. ಒಂದು ಭಾಗಕ್ಕೆ ಒಂದೇ ಕೆಲಸ ಎಂದು ಅನ್ನಿಸುವುದು ಅದಕ್ಕೇ.

ಗೇಜ್‌ನ ಫೋಟೋ ಬೆಳಕಿಗೆ ಬಂದದ್ದು 2009ರಲ್ಲಿ. ಅದರ ಮಾಲೀಕರು ಅದು ಈಟಿ ಹಿಡಿದ ತಿಮಿಂಗಿಲ ಬೇಟೆಗಾರನ ಚಿತ್ರವೆಂದೇ ವರ್ಷಗಟ್ಟಲೆ ನಂಬಿದ್ದರು. ಇಂಟರ್‌ನೆಟ್‌ಗೆ ಹಾಕಿದಾಗ ನೋಡಿದವರು ಅದು ಈಟಿಯಲ್ಲ ಎಂದು ತಿದ್ದಿದರು. ಎಡಗಣ್ಣು ಮುಚ್ಚಿದ, ಅಚ್ಚುಕಟ್ಟಾಗಿ ಕೋಟು ತೊಟ್ಟ ಯುವಕ ಸಲಾಕೆ ಹಿಡಿದು ಕುಳಿತಿದ್ದಾನೆ. ಬೀದಿಪಾಲಾದವನಂತೆ ಕಾಣುವುದಿಲ್ಲ.