ಒಂದೇ ರಾತ್ರಿ ಮೂರು ಸಾವು: ವೆಲ್ಲೂರಿನ ಈಡಾ ಸ್ಕಡರ್ ಡಾಕ್ಟರ್ ಆಗಿದ್ದು ಹೀಗೆ

ಕರ್ನಾಟಕದ ಎಷ್ಟೋ ಕುಟುಂಬಗಳಿಗೆ ವೆಲ್ಲೂರು ಎಂದರೆ ಸಿಎಂಸಿ ಆಸ್ಪತ್ರೆ. ದೊಡ್ಡ ಕಾಯಿಲೆ ಬಂದರೆ ಕಾಟ್ಪಾಡಿಗೆ ರೈಲು ಹತ್ತುವುದು ಹಳೆಯ ರೂಢಿ. ಆ ಆಸ್ಪತ್ರೆಯ ಹಿಂದೆ ಹೆರಿಗೆ ನೋವಿನಲ್ಲೇ ಪ್ರಾಣ ಬಿಟ್ಟ ಮೂವರು ಹೆಣ್ಣುಮಕ್ಕಳ ಕಥೆಯಿದೆ.

ಈಡಾ ಸೋಫಿಯಾ ಸ್ಕಡರ್ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿಗೆ ಹತ್ತಿರದ ರಾಣಿಪೇಟೆಯಲ್ಲಿ. ಅಜ್ಜ, ಅಪ್ಪ ಇಬ್ಬರೂ ಅಮೆರಿಕದಿಂದ ಬಂದ ಮಿಷನರಿ ವೈದ್ಯರು. ಈಡಾಗೆ ಮಾತ್ರ ಇಲ್ಲಿ ಉಳಿಯುವ ಆಸೆಯೇ ಇರಲಿಲ್ಲ. ಅಮೆರಿಕದಲ್ಲಿ ಓದುತ್ತಿದ್ದ ಅವರು ತಾಯಿಗೆ ಹುಷಾರಿಲ್ಲವೆಂದು ತಿಂಡಿವನಕ್ಕೆ ಬಂದರು.

ಅಲ್ಲೇ ಆ ರಾತ್ರಿ ಎದುರಾಯಿತು. ಬ್ರಾಹ್ಮಣ ಯುವಕನೊಬ್ಬ ಬಾಗಿಲಿಗೆ ಬಂದ. ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು, ಸೂಲಗಿತ್ತಿ ಕೈಚೆಲ್ಲಿದ್ದಳು. ತನಗೆ ವೈದ್ಯ ಗೊತ್ತಿಲ್ಲ, ಅಪ್ಪ ಬರುತ್ತಾರೆ ಎಂದರು ಈಡಾ. ಪರಪುರುಷ ಹೆಂಡತಿಯನ್ನು ಮುಟ್ಟುವುದು ಬೇಡವೆಂದು ಆತ ವಾಪಸಾದ. ನಂತರ ಒಬ್ಬ ಮುಸ್ಲಿಂ, ಆಮೇಲೆ ಇನ್ನೊಬ್ಬ ಹಿಂದೂ. ಅದೇ ಬೇಡಿಕೆ, ಅದೇ ನಿರಾಕರಣೆ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಡಾಕ್ಟರ್ ಅದೇ ಮನೆಯಲ್ಲಿದ್ದರು ಎಂಬುದನ್ನು ಗಮನಿಸಬೇಕು. ಗಂಡಂದಿರಿಗೂ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದೇನಲ್ಲ, ಇಲ್ಲದಿದ್ದರೆ ನಡುರಾತ್ರಿ ಬಂದು ಬಾಗಿಲು ಬಡಿಯುತ್ತಿರಲಿಲ್ಲ.

ಈಡಾ ಅಮೆರಿಕಕ್ಕೆ ಮರಳಿದ್ದು ವೈದ್ಯಕೀಯ ಓದಲು. 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದು, 1900ರ ಆರಂಭದಲ್ಲಿ ವೆಲ್ಲೂರಿಗೆ ಬಂದರು. ಅದೇ ವರ್ಷ ತಂದೆ ತೀರಿಕೊಂಡರು. ಮನೆಯಲ್ಲೇ, ಒಂದೇ ಹಾಸಿಗೆಯೊಂದಿಗೆ ಚಿಕಿತ್ಸೆ ಶುರುವಾಯಿತು. ಲೇಡಿ ಡಾಕ್ಟರ್ ಬಂದ ತಕ್ಷಣ ಹೆಂಗಸರು ಸಾಲುಗಟ್ಟಿ ನಿಲ್ಲಲಿಲ್ಲ. ಮೊದಮೊದಲು ಬಂದವರು ಕಡಿಮೆ. ಊರಿಗೆ ಹೊಸಬಳಾದ ಡಾಕ್ಟರ ಮೇಲೆ ನಂಬಿಕೆ ಬರಬೇಕಿತ್ತು, ಅದಕ್ಕೆ ಸಮಯ ಹಿಡಿಯಿತು.

1902ರಲ್ಲಿ 40 ಹಾಸಿಗೆಯ ಮೇರಿ ಟೇಬರ್ ಶೆಲ್ ಆಸ್ಪತ್ರೆ ತೆರೆಯಿತು. ಆಗ ಕಂಡಿದ್ದು ಇನ್ನೊಂದು ಅಡ್ಡಿ, ದೂರ. ಹಳ್ಳಿಯ ಹೆಂಗಸರು ಬರಲಾಗದಿದ್ದರೆ ತಾವೇ ಹೋಗುವುದೆಂದು ಈಡಾ ಎತ್ತಿನ ಗಾಡಿಯಲ್ಲಿ ಹೊರಟರು. ಮುಂದೆ ಕಾರು ಬಂತು. ಗುಡಿಯಾತ್ತಂ ರಸ್ತೆಯಲ್ಲಿ ಮರದ ನೆರಳೇ ಕ್ಲಿನಿಕ್.

ಒಬ್ಬರಿಂದ ಎಷ್ಟು ಹಳ್ಳಿ ಸುತ್ತಲು ಸಾಧ್ಯ? 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಮಹಿಳೆಯರಿಗೇ ಮೀಸಲಾದ ವೈದ್ಯಕೀಯ ಶಾಲೆ ಶುರುವಾಯಿತು. ಬೆರಳೆಣಿಕೆಯ ಅರ್ಜಿ ಬಂದರೆ ಹೆಚ್ಚು ಎಂದುಕೊಂಡಿದ್ದ ಅಧಿಕಾರಿಗಳ ಎದುರು 151 ಅರ್ಜಿ ಬಂದವು. ಮೊದಲ ಬ್ಯಾಚಿನ 14 ಮಂದಿ 1922ರಲ್ಲಿ ಪರೀಕ್ಷೆ ಪಾಸಾದರು. ಈ ನೆಲದ ಹೆಣ್ಣುಮಕ್ಕಳೇ ಹೀಗೆ ಡಾಕ್ಟರಾದರು, ರೋಗಿಯ ಭಾಷೆ ಅವರಿಗೆ ಗೊತ್ತಿತ್ತು.

1947ರಲ್ಲಿ ಕಾಲೇಜಿಗೆ ಗಂಡು ವಿದ್ಯಾರ್ಥಿಗಳೂ ಸೇರಿದರು. ಮದುವೆಯಾಗದೇ ಉಳಿದ ಈಡಾ 1960ರ ಮೇ 24ರಂದು ಕೊಡೈಕೆನಾಲ್‌ನಲ್ಲಿ ನಿಧನರಾದರು. ಆಗ ಅವರಿಗೆ 89 ವರ್ಷ.